ಷಡ್ಡಕನ ಡಿಶ್‌ವಾಷರಿಗೆ ಬಿದ್ದ ಕಣ್ಣು

ಹಿರಿಯೂರಿನ ನನ್ನ ಷಡ್ಡಕ ತಿಪ್ಪೇಸ್ವಾಮಿಯ ಅಡುಗೆಮನೆಯಲ್ಲಿ, ಬಾಗಿಲಿನಿಂದ ಒಳಗೆ ಬಂದರೆ ಎಡಕ್ಕೆ ಫ್ರಿಜ್ಜು, ಬಲಕ್ಕೆ ಸಿಂಕು. ಸಿಂಕಿಗೆ ಅಂಟಿಕೊಂಡಂತೆ, ಕಟ್ಟೆಯ ಕೆಳಗೆ, ಪಾತ್ರೆ ತೊಳೆಯುವ ಮಿಷನ್ನು. ಅದರ ಮುಂದೆ ಸೊಂಟ ಬಗ್ಗಿಸಿಕೊಂಡು, ಎಡಗೈಯಲ್ಲಿ ವಿಭೂತಿ ಕಲಸಿದ ಬಟ್ಟಲು ಹಿಡಿದು ನಾನು ನಿಂತಿದ್ದೆ. ಕಳೆದ ಆಯುಧಪೂಜೆಯ ಮಧ್ಯಾಹ್ನ, ಊಟಕ್ಕೆ ಕೂರುವ ಮುಂಚೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ನಮ್ಮ ನೆಂಟರಿಷ್ಟರಲ್ಲಿ ಈ ಬಗ್ಗೆ ನಾನಾ ಹೇಳಿಕೆಗಳು ಹುಟ್ಟಿಕೊಂಡಿವೆ. ಮತ್ತೋಡಿನ ಬೀಗರೊಬ್ಬರು, ನಾನು ಆ ಮಿಷನ್ನಿನ ಕಿವಿಯಲ್ಲಿ ಏನೋ ಮಂತ್ರ ಹೇಳಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದಾರಂತೆ. ಅವರು ಅವತ್ತು ಅಲ್ಲಿ ಇರಲೇ ಇಲ್ಲ. ಮಿಷನ್ನಿಗೆ ಕಿವಿಯೂ ಇಲ್ಲ.

ನಾನು ಹೊಳಲ್ಕೆರೆಯ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಟೈಪು ಮಾಡುತ್ತಲೇ ತಲೆ ನರೆಸಿಕೊಂಡವನು. ನೀನು ಎಲ್ಲಿ ನಿಂತಿದ್ದೆ, ಅಲ್ಲಿಂದ ಕಾಣುತ್ತಿತ್ತೇ, ಆಗ ಜೊತೆಗೆ ಯಾರಿದ್ದರು ಎಂದು ವಕೀಲರು ಕೇಳುವಾಗ ಎಂಥೆಂಥ ಗಟ್ಟಿಗರು ತಡವರಿಸುವುದನ್ನು ನೋಡಿದ್ದೇನೆ. ಕಣ್ಣಾರೆ ಕಂಡದ್ದನ್ನು ಹೇಳಲು ಇಷ್ಟೇಕೆ ಬೆವರುತ್ತಾರೋ ಎಂದು ಒಳಗೊಳಗೇ ನಕ್ಕದ್ದೂ ಉಂಟು. ಈಗ ನಗುವುದಿಲ್ಲ. ನನ್ನ ಸರದಿ ಬಂದಾಗ ನಾನೂ ತಡವರಿಸಿದೆ.

ಷಡ್ಡಕ ಎಂದರೆ ಏನೆಂದು ಮದುವೆಯಾದವರಿಗೆ ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರಿಗೆ ರಕ್ತದ ನಂಟು ಇರುತ್ತದೆ. ಷಡ್ಡಕರಿಗೆ ಇರುವುದು ಹೋಲಿಕೆಯ ನಂಟು ಮಾತ್ರ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಎರಡು ಅಂಗಡಿಯಿಂದ ಎರಡು ಸೀರೆ ತಂದ ಹಾಗೆ; ಬಣ್ಣ ಹೋಗುವುದು ಯಾವುದರದು, ಜರಿ ಕಪ್ಪಾಗುವುದು ಯಾವುದರದು ಎಂದು ನೋಡುತ್ತಲೇ ಇರುತ್ತಾರೆ. ನನ್ನ ಹೆಂಡತಿ ರತ್ನಳ ತಂಗಿ ಪುಷ್ಪ. ಪುಷ್ಪಳ ಗಂಡ ತಿಪ್ಪೇಸ್ವಾಮಿ. ಅವನಿಗೆ ಹಿರಿಯೂರಿನಲ್ಲಿ ಪಂಪುಸೆಟ್ಟು, ಪೈಪುಗಳ ಅಂಗಡಿ. ನನ್ನ ಸ್ಕೂಟರಿಗಿಂತ ಅವನ ಕಾರು ದೊಡ್ಡದು ಎಂಬುದು ಸಹಜ. ನನ್ನ ಮನೆಯ ಹಾಲಿಗಿಂತಲೂ ಅವನ ಕಾರು ದೊಡ್ಡದಾಗಿ ಕಾಣುತ್ತದೆ. ಅವನ ಟೀವಿ, ಅವನ ತೂಗುಯ್ಯಾಲೆ, ಅವನ ತಲೆಯ ಕೂದಲು, ಒಂದೊಂದನ್ನೂ ನಾನು ಸಹಿಸಿಕೊಂಡು ಬಂದಿದ್ದೆ. ಹೇಗೆಂದರೆ, ಅವನ ಹತ್ತಿರ ಇಲ್ಲದ ಒಂದು ಸಂಗತಿ ನನ್ನ ಹತ್ತಿರ ಇತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ.

ರತ್ನ ಪ್ರೈಮರಿ ಶಾಲೆಯ ಟೀಚರು. ಮದುವೆಯಾದ ಹೊಸದರಲ್ಲಿ ಅವಳಿಗೆ ಬಸ್ಸಿಳಿದು ಇನ್ನೂ ಅಷ್ಟು ದೂರ ನಡೆಯಬೇಕಾದ ಊರು ಸಿಕ್ಕಿತ್ತು. ಸಂಜೆ ಕಾಲು ಹಿಡಿದುಕೊಂಡು ಕೂರುತ್ತಿದ್ದಳು. ಒಂದು ದಿನ ಪಾತ್ರೆ ನಾನು ತೊಳೆದೆ. ಅವಳು ಬಾಗಿಲಿಗೆ ಒರಗಿ ನಿಂತು ನೋಡಿದಳು. ಆ ನೋಟ ನನಗೆ ಬಹಳ ಹಿಡಿಸಿತು. ಹಾಗೆ ಅಂಟಿದ ಚಟ ಅದು. ಮೊದಲು ಲೋಟ, ಆಮೇಲೆ ತಟ್ಟೆ, ಕೊನೆಗೆ ಬಾಣಲಿ. ಹಾಲಿನ ಪಾತ್ರೆಯನ್ನು ತಣ್ಣೀರಲ್ಲಿ ನೆನೆಯಿಟ್ಟು, ಸಾರಿನ ಪಾತ್ರೆಯ ತಳ ಉಜ್ಜುವಾಗ ಕೈಯನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು ಎಂದು ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಅದಕ್ಕೆ ಕಾರಣವೇನೂ ಇಲ್ಲ, ಆದರೆ ಪದ್ಧತಿ ಎಂದರೆ ಕಾರಣ ಇರಬಾರದು. ಈ ಸುದ್ದಿ ಹೊಳಲ್ಕೆರೆಯಿಂದ ಹೊರಟು ಹೊಸದುರ್ಗ ದಾಟಿ ಬೀಗರೂರುಗಳಿಗೆಲ್ಲ ಹರಡಿತು. ಮದುವೆ ಮನೆಗಳಲ್ಲಿ ಹೆಂಗಸರು ನನ್ನನ್ನು ಕಣ್ಣಲ್ಲೇ ತೋರಿಸಿ, "ಅವ್ರೇ ಕಣ್ರಿ, ರತ್ನಮ್ಮಾರ ಯಜಮಾನ್ರು" ಎನ್ನುತ್ತಿದ್ದರು. ಪುಷ್ಪ ನನ್ನೆದುರೇ ಗಂಡನಿಗೆ, "ನಮ್ಮ ಭಾವನ್ನ ನೋಡಿ ಕಲ್ತ್ಕಳ್ರಿ. ಕುಡಿದ ಲೋಟ ಆದ್ರೂ ಎತ್ತಿಡ್ತೀರಾ ನೀವು?" ಎನ್ನುವಳು. ಆಗ ತಿಪ್ಪೇಸ್ವಾಮಿಯ ಮುಖ ಸಣ್ಣಗಾಗುವುದನ್ನು ನೋಡುವುದರಲ್ಲಿದ್ದ ಸುಖ, ದೇವರಾಣೆ, ಹೋಳಿಗೆಯಲ್ಲೂ ಇರಲಿಲ್ಲ.

ಆ ಮುಖ ಸಣ್ಣಗಾಗಿ ಸಣ್ಣಗಾಗಿ ಒಂದು ದಿನ ದೊಡ್ಡದಾಯಿತು. ಅವನು ಡಿಶ್‌ವಾಷರ್ ತಂದ. ಫೋನಿನಲ್ಲಿ ಅವನೇ ಹೇಳಿದ: "ಅಣ್ಣಾರೇ, ಮಿಷನ್ ಬಂತು. ಪಾತ್ರೆ ಒಳಗಿಟ್ಟು ಬೆರಳು ಮುಟ್ಟಿಸಿದ್ರೆ ಆತು. ನಿಮ್ಮನ್ನೇ ತಂದು ಮನ್ಯಾಗೆ ಇಟ್ಕಂಡಂಗೆ ಆಗೈತೆ." ಅವನು ತಮಾಷೆಗೇ ಹೇಳಿರಬೇಕು. ನಾನೂ ನಕ್ಕೆ. ಆಮೇಲೆ ಫೋನು ಇಟ್ಟು, ಸಿಂಕಿನಲ್ಲಿ ನಮ್ಮ ಬಾಣಲಿಯನ್ನು ನೋಡಿದೆ. ಇಷ್ಟು ವರ್ಷ ನಾನು ಒಬ್ಬ ಗಂಡ ಎಂದುಕೊಂಡಿದ್ದೆ. ಅಂಗಡಿಯಲ್ಲಿ ಸಿಗುತ್ತೇನೆ ಎಂದು ಗೊತ್ತಿರಲಿಲ್ಲ.

ಆಯುಧಪೂಜೆಗೆ ಎಲ್ಲರೂ ಹಿರಿಯೂರಿಗೇ ಬರಬೇಕೆಂದು ಪುಷ್ಪಳ ಹುಕುಂ ಆಯಿತು. ಅತ್ತೆ ಗಂಗಮ್ಮನವರೂ ಜವನಗೊಂಡನಹಳ್ಳಿಯಿಂದ ಬಂದಿದ್ದರು. ಕುರಿ ಕಾಯ್ದು, ಹೊಲ ಗೇಯ್ದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಹೆಂಗಸು. ಅವರ ಮಾತನ್ನು ಆ ಮನೆಯಲ್ಲಿ ಯಾರೂ ಮೀರುವುದಿಲ್ಲ. ಅಂಗಡಿಯ ಪೂಜೆ ಮುಗಿಯಿತು, ಕಾರಿನ ಪೂಜೆ ಮುಗಿಯಿತು. ಆಮೇಲೆ ಅಡುಗೆಮನೆಗೆ ಬಂದರೆ ಒಂದು ಕಾನೂನಿನ ಪ್ರಶ್ನೆ ಎದ್ದಿತು. ಪೂಜೆ ಮಾಡಿದ ಆಯುಧವನ್ನು ಅವತ್ತು ಬಳಸಬಾರದು. ಕುಡುಗೋಲು, ಸುತ್ತಿಗೆ, ಈಳಿಗೆ ಎಲ್ಲವೂ ಅವತ್ತು ಸುಮ್ಮನೆ ಕೂರಬೇಕು. ಆದರೆ ಗಾಡಿಗೆ ಪೂಜೆ ಮಾಡಿದರೆ ನಿಂಬೆಹಣ್ಣು ಹತ್ತಿಸಿ ಒಂದು ಸುತ್ತು ಓಡಿಸಲೇಬೇಕು. ಹಾಗಾದರೆ ಡಿಶ್‌ವಾಷರ್ ಆಯುಧವೋ ಗಾಡಿಯೋ?

"ಆಯುಧನೇ ಇರ್ಬೇಕು" ಎಂದೆ ನಾನು. ಅವತ್ತು ಒಂದು ದಿನವಾದರೂ ಅದು ಬಾಯಿ ಮುಚ್ಚಿಕೊಂಡಿರಲಿ ಎಂಬುದು ನನ್ನ ಆಸೆ.

"ಅದ್ರಾಗೆ ಮೋಟ್ರು ಐತೇನಪ್ಪ?" ಎಂದು ಅತ್ತೆ ಕೇಳಿದರು.

"ಐತಮ್ಮ, ಒಳ್ಳೇ ಮೋಟ್ರು" ಎಂದ ತಿಪ್ಪೇಸ್ವಾಮಿ, ತನ್ನದೇ ಅಂಗಡಿಯ ಮಾಲೆಂಬಂತೆ.

"ಮೋಟ್ರು ಇದ್ದಮ್ಯಾಲೆ ಗಾಡಿನೇ. ಊಟ ಆದಮ್ಯಾಲೆ ಓಡ್ಸು" ಎಂದು ಅತ್ತೆ ತೀರ್ಪು ಕೊಟ್ಟರು. ಮಿಷನ್ನಿನ ಕಾಲ ಬುಡದಲ್ಲಿ ನಿಂಬೆಹಣ್ಣು ಇಟ್ಟರು. ಮಿಷನ್ನು ಅದರ ಮೇಲೆ ಹತ್ತುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಗಾಡಿ ಓಡಿಸುವುದಕ್ಕಾಗಿಯೇ ಪುಷ್ಪ ಬಾಳೆ ಎಲೆ ಬೇಡವೆಂದು ಹೇಳಿ ಮನೆಯ ಸ್ಟೀಲು ತಟ್ಟೆಗಳನ್ನೆಲ್ಲ ಅಟ್ಟದಿಂದ ಇಳಿಸಿದ್ದಳು.

"ಹಿರೇ ಅಳಿಯಂದ್ರು ನೀವು. ನಿಮ್ಮ ಕೈಯಾಗೇ ವಿಭೂತಿ ಹಚ್ರಿ" ಎಂದು ಅತ್ತೆ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಯೋಚಿಸಿ ನೋಡಿ. ನನ್ನ ಕೆಲಸ ಕಸಿದುಕೊಂಡ ವಸ್ತುವಿಗೆ ನಾನೇ ಪೂಜೆ ಮಾಡಬೇಕು. ಬಗ್ಗಿದೆ. ಅದರ ಮುಂಭಾಗದಲ್ಲಿ ಗುಂಡಿಗಳೇ ಇಲ್ಲ. ಕಪ್ಪು ಗಾಜಿನ ಪಟ್ಟಿ, ಅದರ ಮೇಲೆ ಸಣ್ಣ ಸಣ್ಣ ಚಿತ್ರಗಳು, ಮುಟ್ಟಿದರೆ ಸಾಕು ಎಂಬ ನಯ. ಆ ಗಾಜಿನ ಮೇಲೆ ಮೂರು ಬೆರಳು ಇಟ್ಟೆ. ಇಟ್ಟವನು ಎಳೆದು ಮುಗಿಸಬೇಕಾಗಿತ್ತು. ಅಷ್ಟರಲ್ಲಿ ಓರೆಗಣ್ಣಿಗೆ ರತ್ನ ಕಂಡಳು. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಮಿಷನ್ನಿನ ಕಡೆಗೆ ನೋಡುತ್ತಿದ್ದಳು. ಹಿಂದೆ ಒಂದು ಸಂಜೆ ನನ್ನನ್ನು ನೋಡಿದ್ದಳಲ್ಲ, ಅದೇ ನೋಟ ಎಂದು ನನಗೆ ಅನ್ನಿಸಿತು. ಎದೆಯಲ್ಲಿ ಏನೋ ಉರಿ ಎದ್ದಿತು. ಆ ಉರಿಯಲ್ಲಿ ಬೆರಳು ಎಲ್ಲಿದೆ ಎಂಬುದೇ ಮರೆತುಹೋಯಿತು. ಎಚ್ಚರವಾದಾಗ ಅತ್ತೆ, "ಎಷ್ಟು ಭಕ್ತಿಯಿಂದ ಹಚ್ತಾರೆ ನೋಡು" ಎನ್ನುತ್ತಿದ್ದರು. ನಾನು ಬೆರಳೆಳೆದು ವಿಭೂತಿ ಮುಗಿಸಿದೆ. ಅವರು ಅದರ ಮೇಲೆ ಒಂದು ದಪ್ಪ ಕುಂಕುಮದ ಬೊಟ್ಟು ಇಟ್ಟರು.

ಊಟವಾಯಿತು. ತಟ್ಟೆ, ಲೋಟ, ಹೋಳಿಗೆ ಸಾರಿನ ಪಾತ್ರೆ, ಎಲ್ಲವನ್ನೂ ಮಿಷನ್ನಿನೊಳಗೆ ಜೋಡಿಸಿದರು. ಬಂದ ನೆಂಟರು, ಪಕ್ಕದ ಮನೆಯ ಶಾರದಮ್ಮ, ಎಲ್ಲರೂ ಸುತ್ತ ನಿಂತರು. ತಿಪ್ಪೇಸ್ವಾಮಿ ಅಂಗಿಯ ತೋಳು ಮಡಚಿ, ತೋರುಬೆರಳು ಚಾಚಿ, ವಿಭೂತಿಗೆ ಧಕ್ಕೆಯಾಗದಂತೆ ಗಾಜನ್ನು ಮುಟ್ಟಿದ. ಏನೂ ಆಗಲಿಲ್ಲ. ಮತ್ತೆ ಮುಟ್ಟಿದ. ಒತ್ತಿದ. ತಟ್ಟಿದ. ಬಾಗಿಲು ತೆಗೆದು ಹಾಕಿದ. ಒಳಗೆ ಮಿಣುಕು ದೀಪ ಇದೆ, ಕರೆಂಟಿದೆ, ನೀರಿದೆ. ಗಾಜು ಮಾತ್ರ ಯಾರ ಬೆರಳಿಗೂ ಓಗೊಡುತ್ತಿಲ್ಲ.

ನಿಜ ಹೇಳಬೇಕು. ಆ ಕ್ಷಣದಲ್ಲಿ ನನಗಾದ ಆನಂದ ಅಷ್ಟಿಷ್ಟಲ್ಲ. ಅದನ್ನು ಮುಖದಲ್ಲಿ ತೋರಿಸಬಾರದೆಂದು ತುಟಿ ಬಿಗಿಹಿಡಿದೆ. ಹಾಗೆ ಹಿಡಿದದ್ದೇ ತಪ್ಪಾಯಿತು. ಹಲ್ಲುನೋವಿನವನಂತೆ ಕಾಣುವ ಬದಲು ನಗು ತಡೆದವನಂತೆ ಕಂಡೆನಂತೆ.

ಪ್ಲಗ್ಗು ಕಿತ್ತು ಹಾಕಿದರು. ಬೇರೆ ಸಾಕೆಟ್ಟಿಗೆ ಹಾಕಿದರು. ವಿಭೂತಿಯ ತೇವ ಒಳಗೆ ಇಳಿದಿರಬಹುದೆಂದು ಪುಷ್ಪ ತಲೆಕೂದಲು ಒಣಗಿಸುವ ಮಿಷನ್ನು ತಂದು ಈ ಮಿಷನ್ನಿಗೆ ಗಾಳಿ ಹಿಡಿದಳು. ಒರೆಸಿಬಿಡೋಣ ಎಂದರೆ ಅತ್ತೆ, "ಇವತ್ತು ಹಚ್ಚಿದ ವಿಭೂತಿ ಇವತ್ತೇ ಒರೆಸ್ತಾರೇನ್ಲೇ?" ಎಂದು ಗದರಿದರು. ಕಂಪನಿಗೆ ಫೋನು ಮಾಡಿದರೆ ಒಂದು ಹುಡುಗಿಯ ದನಿ ಹಿಂದಿಯಲ್ಲಿ ಬಹಳ ಹೊತ್ತು ಹಬ್ಬದ ಶುಭಾಶಯ ಹೇಳಿ, ಹಬ್ಬ ಮುಗಿದ ಮೇಲೆ ಮೆಕ್ಯಾನಿಕ್ ಬರುತ್ತಾನೆ ಎಂದಿತು. ಲೋ ವೋಲ್ಟೇಜು ಎಂದ ತಿಪ್ಪೇಸ್ವಾಮಿ. ಅವನ ಅಂಗಡಿಗೆ ಸುಟ್ಟ ಮೋಟ್ರು ತಂದವರಿಗೆಲ್ಲ ಅವನು ಹೇಳುವುದು ಅದನ್ನೇ. ಆದರೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಆಗ ಶಾರದಮ್ಮ, ಯಾರನ್ನೂ ನೋಡದೆ, "ಯಾರ್ದೋ ಕಣ್ಣು ಬಿದ್ದೈತೆ ಬಿಡ್ರಿ" ಎಂದರು.

"ನಿನ್ನೆ ರಾತ್ರಿ ತನಕ ಚೆನ್ನಾಗೇ ಇತ್ತು" ಎಂದಳು ಪುಷ್ಪ. "ಬೆಳಿಗ್ಗೆ ಕಾಫಿ ಲೋಟನೂ ತೊಳೀತು."

"ಯಾರ್ದು ಅಂತ ಹೇಳಾದು ಬ್ಯಾಡ" ಎಂದ ತಿಪ್ಪೇಸ್ವಾಮಿ, ನೇರವಾಗಿ ನನ್ನನ್ನೇ ನೋಡುತ್ತ.

ಕೋರ್ಟಿನಲ್ಲಿ ಎಷ್ಟೋ ಸಲ ಟೈಪು ಮಾಡಿದ ಮಾತುಗಳು ನೆನಪಾದವು. ಆರೋಪಿ ಸ್ಥಳದಲ್ಲಿದ್ದ. ಕೊನೆಯದಾಗಿ ಮುಟ್ಟಿದವನು ಅವನೇ. ಅವನಿಗೆ ಉದ್ದೇಶವೂ ಇತ್ತು. ಕಾರು, ಟೀವಿ ಇಲ್ಲದವನಿಗೆ ಇರುವುದು ಒಂದು ಹೆಸರು. ಅದು ಪಾತ್ರೆ ತೊಳೆಯುವ ಒಳ್ಳೆಯ ಮನುಷ್ಯ ಎಂಬ ಹೆಸರು. ಅದು ಈಗ ಕೆಟ್ಟ ಕಣ್ಣಿನ ಮನುಷ್ಯ ಎಂದಾಗುವುದರಲ್ಲಿತ್ತು. ಹಾಗಾದ ಮೇಲೆ ಯಾರ ಮನೆಯ ಗೃಹಪ್ರವೇಶಕ್ಕೂ ಕರೆಯುವುದಿಲ್ಲ. ಕರೆದರೂ ಮಗುವನ್ನು ಒಳಗೆ ಮಲಗಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. ರತ್ನ ಎಲ್ಲರ ನಡುವೆ ತಲೆ ತಗ್ಗಿಸಿ ಕೂರಬೇಕಾಗುತ್ತದೆ.

ನನಗೆ ತೋಚಿದ್ದು ಒಂದೇ. ಅಂಗಿಯ ತೋಳು ಮಡಚಿದೆ. "ಎಲ್ಲಾ ತೆಗೀರಿ ಈಚೆಗೆ, ನಾನು ತೊಳೀತೀನಿ" ಎಂದೆ. ಒಳ್ಳೆಯತನ ತೋರಿಸಲು ಹೋದೆ. ಲೋಟ ಮೊದಲು, ತಟ್ಟೆ ಆಮೇಲೆ, ಬಾಣಲಿ ಕೊನೆಗೆ. ಕೈ ತಾನಾಗಿಯೇ ಓಡಿತು. ಅಷ್ಟು ಜನರ ಮುಂದೆ ಅಷ್ಟು ಪಾತ್ರೆ ತೊಳೆಯುವ ಭಾಗ್ಯ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಎಲ್ಲವನ್ನೂ ಮರೆತು ಸಣ್ಣಗೆ ಶಿಳ್ಳೆ ಹಾಕಿದೆನಂತೆ. ಹಿಂದಿನಿಂದ ತಿಪ್ಪೇಸ್ವಾಮಿ, "ಅಣ್ಣಾರ ಖುಷಿ ನೋಡ್ರಿ. ಮಿಷನ್ ಕೆಟ್ಟೋಗಿದ್ದು ಅವ್ರಿಗೇ ಹಬ್ಬ ಆಗೈತೆ" ಎಂದ. ಶಿಳ್ಳೆ ಅಲ್ಲಿಗೇ ನಿಂತಿತು.

ಅತ್ತೆ ಎದ್ದರು. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ, ನಾಲ್ಕು ಪೊರಕೆಕಡ್ಡಿ ಮುಷ್ಟಿಯಲ್ಲಿ ಹಿಡಿದು ಬಂದರು. ದೃಷ್ಟಿ ತೆಗೆಯಲು. ನಾನು ಸಿಂಕಿನ ಪಕ್ಕ ಕೈ ಒರೆಸಿಕೊಳ್ಳುತ್ತ ನಿಂತವನು ಹಾಗೇ ಮಿಷನ್ನಿನ ಕಡೆ ಬಗ್ಗಿ ನೋಡಿದೆ. ಪುಷ್ಪ ಹಿಡಿದ ಬಿಸಿಗಾಳಿಗೆ ಒಣಗಿದ ಕುಂಕುಮದ ಬೊಟ್ಟು ಅರ್ಧ ಉದುರಿತ್ತು. ಅದರ ಕೆಳಗೆ ಕೆಂಪಗೆ ಒಂದು ಚಿಕ್ಕ ದೀಪ. ದೀಪದ ಪಕ್ಕದಲ್ಲಿ ಬೀಗದ ಚಿತ್ರ. ಇಂಥದೇ ಚಿತ್ರ ನಮ್ಮ ಮನೆಯ ಇಂಡಕ್ಷನ್ ಒಲೆಯ ಮೇಲೂ ಇದೆ. ಮಕ್ಕಳು ಮುಟ್ಟಿ ಕೆಡಿಸದಂತೆ ಹಾಕುವ ಬೀಗ. ಅದರ ಮೇಲೆ ಬೆರಳು ಒತ್ತಿಹಿಡಿದರೆ ಒಲೆ ಯಾರ ಮಾತೂ ಕೇಳುವುದಿಲ್ಲ. ಮತ್ತೆ ಒತ್ತಿಹಿಡಿದರೆ ಕೇಳುತ್ತದೆ.

ಆಗ ತಿಳಿಯಿತು. ನನ್ನ ಮೂರು ಬೆರಳು ಅಷ್ಟು ಹೊತ್ತು ಎಲ್ಲಿ ಕೂತಿದ್ದವು ಎಂದು ತಿಳಿಯಿತು.

"ತಡೀರಿ, ಒಂದ್ನಿಮಿಷ ತಡೀರಿ, ಇದು ಬೀಗ" ಎಂದೆ. ಮಾತು ತಡವರಿಸಿ ಅರ್ಧವೇ ಹೊರಟಿತು. ಅತ್ತೆ ಆಗಲೇ ನಿವಾಳಿಸಲು ಶುರು ಮಾಡಿದ್ದರು. "ಹಾದಿ ಕಣ್ಣು, ಬೀದಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು..." ಇಲ್ಲಿ ಸ್ವಲ್ಪ ತಡೆದು, ನನ್ನನ್ನು ನೋಡಿ, "ನೆಂಟ್ರ ಕಣ್ಣು" ಎಂದು ಸೇರಿಸಿದರು. ಮಾತು ಕೇಳದಿದ್ದರೆ ಬೇಡ, ಕೆಲಸ ಮಾಡಿ ತೋರಿಸುತ್ತೇನೆ ಎಂದು ನಾನು ಅವರ ಕೈಯ ಕೆಳಗಿನಿಂದ ತೋಳು ಚಾಚಿ ಬೆರಳನ್ನು ಗಾಜಿನ ಮೇಲೆ ಒತ್ತಿಹಿಡಿದೆ. ಅತ್ತೆ ಕೊನೆಯ ಸುತ್ತು ನಿವಾಳಿಸಿ, ಮುಷ್ಟಿಯಲ್ಲಿದ್ದುದನ್ನು ಒಲೆಯ ಉರಿಗೆ ಹಾಕಿ, "ಥೂ" ಎಂದು ಉಗಿದರು.

ಟಿಣ್ ಎಂದಿತು ಮಿಷನ್ನು. ಗಾಜಿನ ತುಂಬ ದೀಪಗಳು ಹತ್ತಿಕೊಂಡವು.

ಅಡುಗೆಮನೆಯಲ್ಲಿ ಎದ್ದ ಗದ್ದಲ ಹೇಳತೀರದು. ಶಾರದಮ್ಮ ಕೈಮುಗಿದರು. "ಮೆಣಸಿನಕಾಯಿ ಘಾಟೇ ಬರ್ಲಿಲ್ಲ ನೋಡ್ರವ್ವ! ಎಂಥ ಕಣ್ಣು ಇರ್ಬೇಕು ಅದು!" ಎಂದರು. ಘಾಟು ಬಾರದಿದ್ದರೆ ದೃಷ್ಟಿ ಬಲವಾಗಿ ತಗುಲಿತ್ತು ಎಂದೇ ಅರ್ಥ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಘಾಟು ಬರದಿರಲು ಒಲೆಯ ಮೇಲೆ ತಿಪ್ಪೇಸ್ವಾಮಿ ಹೊಸದಾಗಿ ಕೂರಿಸಿದ ಹೊಗೆ ಎಳೆಯುವ ಚಿಮಣಿ ಗುಂಯ್ ಎನ್ನುತ್ತಿದ್ದುದು ಕಾರಣ ಎಂದು ನಾನು ಮೇಲೆ ಕೈ ತೋರಿಸಿದೆ.

"ಅಣ್ಣಾರೇ, ಈಗ ಚಿಮಣಿ ನೋಡ್ಬ್ಯಾಡ್ರಿ" ಎಂದು ತಿಪ್ಪೇಸ್ವಾಮಿ ಅಡ್ಡ ಬಂದು ನಿಂತ.

ಬೀಗದ ವಿಷಯ ಹೇಳಿದೆ. ಬಿಡಿಸಿ ಹೇಳಿದೆ, ಮೊದಲಿನಿಂದ ಹೇಳಿದೆ, ಇನ್ನೊಮ್ಮೆ ಹಾಕಿ ತೆಗೆದು ತೋರಿಸುತ್ತೇನೆ ಎಂದು ಬೆರಳು ಚಾಚಿದೆ. ಪುಷ್ಪ, "ಬ್ಯಾಡ ಭಾವ, ನಿಮಗೆ ಕೈಮುಗೀತೀನಿ, ಮುಟ್ಬ್ಯಾಡ್ರಿ" ಎಂದಳು. ಅತ್ತೆ ಮಾತ್ರ ಮೃದುವಾಗಿ, "ಬೇಕಂತ ಯಾರೂ ಕಣ್ಣು ಹಾಕಲ್ಲಪ್ಪ. ಅದು ತಾನಾಗೇ ಬೀಳ್ತೈತೆ. ಹೋಗ್ರಿ, ಕುಂತ್ಕಳ್ರಿ, ಇನ್ನೊಂದು ಹೋಳಿಗೆ ತಿನ್ರಿ" ಎಂದರು. ನಿರಪರಾಧಿ ಎಂದು ಬಿಡುಗಡೆಯಾಗುವುದು ಬೇರೆ. ಕ್ಷಮಿಸಿ ಬಿಟ್ಟುಬಿಡುವುದು ಬೇರೆ. ಎರಡನೆಯದರಲ್ಲಿ ಹೋಳಿಗೆ ಕೊಡುತ್ತಾರೆ. ನಾನು ಗೋಡೆಯ ಕಡೆಗೆ ಮುಖ ಮಾಡಿ ತಿಂದೆ. ತೊಳೆದಿದ್ದ ಪಾತ್ರೆಗಳನ್ನೆಲ್ಲ ಮತ್ತೆ ಮಿಷನ್ನಿಗೆ ಜೋಡಿಸಿ, ಗಾಡಿ ಓಡಿಸಲೇಬೇಕಲ್ಲ ಎಂದು, ಇನ್ನೊಮ್ಮೆ ತೊಳೆಸಿದರು. ನನ್ನ ಕಣ್ಣೆದುರೇ.

ಸಂಜೆ ಬಸ್ಸಿನಲ್ಲಿ ರತ್ನ ಕಿಟಕಿಯ ಪಕ್ಕ ಕೂತಿದ್ದಳು. ಚಿತ್ರದುರ್ಗ ಹತ್ತಿರವಾಗುವಾಗ ಜೋಗಿಮಟ್ಟಿಯ ಗುಡ್ಡದ ಮೇಲೆ ಮೋಡ ಕೂತಿತ್ತು.

"ನೀನಾದ್ರೂ ನಂಬ್ತೀಯೋ ಇಲ್ವೋ? ಅದು ಬೀಗ ಕಣೇ" ಎಂದೆ.

"ನಂಬಾದೇನು? ನಾನೇ ನೋಡಿದೀನಿ. ಪೂಜೆ ಮಾಡುವಾಗ ನಿಮ್ಮ ಬೆರಳು ಅಲ್ಲೇ ಇತ್ತು. ಕೊನೆಗೆ ಒತ್ತಿದ್ದೂ ನೋಡಿದೆ" ಎಂದಳು.

ನನಗೆ ಸೀಟಿನಿಂದ ಎದ್ದು ನಿಲ್ಲುವಂತಾಯಿತು. "ಮತ್ತೆ ಅಲ್ಲಿ ಯಾಕೆ ಹೇಳ್ಲಿಲ್ಲ? ಎಲ್ರೂ ಕಣ್ಣು ಕಣ್ಣು ಅಂತಿದ್ರಲ್ಲ, ಬೆರಳು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು!"

"ಹೇಳ್ಬಹುದಾಗಿತ್ತು. ಆಮೇಲೆ ಅಮ್ಮ ಕೇಳ್ತಿದ್ಲು, ವಿಭೂತಿ ಎಳೆಯೋಕೆ ಅಷ್ಟೊತ್ತು ಬೇಕಾ, ಬೆರಳು ಯಾಕೆ ಅಲ್ಲೇ ನಿಂತಿತ್ತು ಅಂತ. ಅದಕ್ಕೆ ಏನು ಹೇಳಾನ? ನೀವೇ ಹೇಳ್ರಿ, ಯಾಕೆ ನಿಂತಿತ್ತು?"

ನಾನು ಮುಂದಿನ ಸೀಟಿನ ಕಂಬಿಯನ್ನು ನೋಡಿದೆ.

"ಬೀಗ ಹಾಕಿದ್ದು ಬೆರಳೇ. ಆದ್ರೆ ಕಣ್ಣು ಬಿದ್ದಿರ್ಲಿಲ್ಲ ಅಂತ ನಾನು ಸಾಕ್ಷಿ ಹೇಳೋಕಾಗಲ್ಲ" ಎಂದಳು. ಆಮೇಲೆ, ಕಿಟಕಿಯ ಆಚೆ ನೋಡುತ್ತ, "ಅಷ್ಟಕ್ಕೂ ನಾನು ಮಿಷನ್ ನೋಡ್ತಿರ್ಲಿಲ್ಲ. ನಿಮ್ಮ ಅಂಗಿ ಬೆನ್ನ ಹತ್ರ ಹರಿದಿತ್ತು. ಹಬ್ಬದ ದಿನ ಇದನ್ನೇ ಹಾಕ್ಕಂಡು ಬಂದ್ರಲ್ಲ ಅಂತ ನೋಡ್ತಿದ್ದೆ" ಎಂದಳು.

ಅವತ್ತು ಆ ಅಡುಗೆಮನೆಯಲ್ಲಿ ಇದ್ದು ಕಂಡವರು: ಅತ್ತೆ ಗಂಗಮ್ಮನವರು, ತಿಪ್ಪೇಸ್ವಾಮಿ, ಪುಷ್ಪ, ಪಕ್ಕದ ಮನೆಯ ಶಾರದಮ್ಮ, ಹಬ್ಬಕ್ಕೆ ಬಂದಿದ್ದ ನೆಂಟರು. ಎಲ್ಲರೂ ಬದುಕಿದ್ದಾರೆ, ಎಲ್ಲರೂ ಗಟ್ಟಿಯಾಗಿದ್ದಾರೆ, ಅವರು ಕಂಡದ್ದು ಕಣ್ಣನ್ನು ಮಾತ್ರ. ಬೆರಳನ್ನು ಕಂಡವಳು ನನ್ನ ಹೆಂಡತಿ ರತ್ನ ಒಬ್ಬಳೇ. ದೇವರ ದಯೆಯಿಂದ ಅವಳೂ ಚೆನ್ನಾಗಿದ್ದಾಳೆ. ಈಗಷ್ಟೇ ಒಳಗಿನಿಂದ, "ರೀ, ಬಾಣಲಿ ನೆನೀತಾ ಐತೆ" ಎಂದು ಕೂಗಿದಳು. ಅವಳನ್ನು ಸಾಕ್ಷಿಗೆ ಕರೆಯುವ ಧೈರ್ಯ ನನಗಿಲ್ಲ.